ಲಂಟಾನದಿಂದ ಕಾಂಡ್ಲಾವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಊರ ಹಿಂದಿನ ಗುಡ್ಡದಲ್ಲಿ ಎರಡು ವರ್ಷ ಲಂಟಾನ (ಕಾಡನ್ನು ಆವರಿಸುವ ಹೊರಗಿನ ಪೊದೆಗಳೆ) ಕಡಿದು, ಒಣಗಿದ ಮೇಲೆ ಬೆಂಕಿ ಹಚ್ಚಿದೆವು. ಮಳೆ ಬಿದ್ದದ್ದೇ ತಡ, ಮೊದಲಿಗಿಂತ ದಟ್ಟವಾಗಿ ಎದ್ದಿತು. ಹಿಂದೆ ಬೆಂಕಿಯಿಂದಲೇ ಅದು ಹತೋಟಿಯಲ್ಲಿತ್ತು ಎಂದು ಸೋಲಿಗ ಹಿರಿಯರು ಹೇಳುತ್ತಾರಲ್ಲ?
— ಓದುಗರೊಬ್ಬರು, ಹನೂರು

ಉತ್ತರ: ಹಿರಿಯರು ಹೇಳುವುದು ತರಗು ಬೆಂಕಿಯ ಮಾತು. ಬೇಸಿಗೆಯ ಬಿಸಿಲು ಏರುವ ಮುನ್ನವೇ ನೆಲದ ತರಗೆಲೆ, ಒಣಹುಲ್ಲು ಮಾತ್ರ ಸುಡುವಂತೆ ಹಾಕುತ್ತಿದ್ದ ಸಣ್ಣ ಬೆಂಕಿ ಅದು. ಲಂಟಾನದ ಎಳೆ ಸಸಿಗಳು ಅದರಲ್ಲೇ ಸುಟ್ಟುಹೋಗುತ್ತಿದ್ದವು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ನಂತರ ಆ ರೂಢಿಗೆ ತಡೆ ಬಿತ್ತು. ಈಗ ಆಳೆತ್ತರದ ಪೊದೆಗೆ ಬೆಂಕಿ ಕೊಟ್ಟರೆ ಉರಿ ಮರದ ಕೊಂಬೆಗೆ ಹತ್ತುತ್ತದೆ. ಕಾಡಿನ ಸಸಿಗಳು ಸಾಯುತ್ತವೆ, ಲಂಟಾನದ ಬುಡ ಸಾಯುವುದಿಲ್ಲ. ಹಳೆಯ ಬೆಂಕಿಯ ಹೆಸರಲ್ಲಿ ಈಗಿನ ಪೊದೆ ಸುಡಬೇಡಿ.

ಮಚ್ಚಿನಲ್ಲಿ ನೆಲದ ಮೇಲೆ ಕಡಿದದ್ದೂ ಅಷ್ಟೇ ತಪ್ಪು. ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ ಮೊಗ್ಗುಗಳು ಅಡಗಿರುತ್ತವೆ. ಮೇಲೆ ಕಡಿದಷ್ಟೂ ಅಲ್ಲಿಂದ ಹೊಸ ಕವಲು ಒಡೆಯುತ್ತದೆ. ಗುದ್ದಲಿಯಿಂದ ಬುಡದ ಮಣ್ಣು ಸರಿಸಿ, ಗಂಟಿನಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ. ಇಡೀ ಪೊದೆಯನ್ನು ಎತ್ತಿ, ಬೇರು ಆಕಾಶಕ್ಕೆ ಬರುವಂತೆ ತಲೆಕೆಳಗಾಗಿ ಒಣಹಾಕಿ. ಒದ್ದೆ ನೆಲದಲ್ಲಿ ಅಡ್ಡ ಬಿದ್ದ ಕಾಂಡ ಅಲ್ಲೇ ಬೇರು ಬಿಡುತ್ತದೆ. ಮೊದಲ ಒಂದೆರಡು ಹದಮಳೆ ಬಿದ್ದು ಮಣ್ಣು ಸಡಿಲವಾದಾಗ, ಕಾಯಿ ಹಣ್ಣಾಗುವ ಮುನ್ನ ಕೆಲಸ ಹಿಡಿದರೆ ಸಲೀಸು. ಜೆಸಿಬಿ ತರಬೇಡಿ: ಅದು ನೆಲವನ್ನು ಕಲಕಿ, ಹೂತಿದ್ದ ಬೀಜಗಳನ್ನೆಲ್ಲ ಮೇಲಕ್ಕೆ ತರುತ್ತದೆ.

ಲಂಟಾನ ವಿರಳವಾಗಿರುವ ಅಂಚಿನಿಂದ ಶುರುಮಾಡಿ ದಟ್ಟ ಜಾಗದತ್ತ ಸಾಗಿ. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಕೂರುವ ಮರಗಳ ಅಡಿಯಲ್ಲಿ ಸಸಿಗಳು ಹಿಂಡುಹಿಂಡಾಗಿ ಏಳುತ್ತವೆ. ಕನಿಷ್ಠ ಮೂರು ಮಳೆಗಾಲ ಅಲ್ಲಿ ಕೈಯಲ್ಲೇ ಕೀಳಬೇಕು. ತೆರವಾದ ನೆಲವನ್ನು ಬರಿದು ಬಿಡದೆ ಅದೇ ಮಳೆಯಲ್ಲಿ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ. ಜಾಗ ಅರಣ್ಯ ಇಲಾಖೆಯದಾದರೆ ಅನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿರುವ ಕಡೆ ಗ್ರಾಮಸಭೆಯ ಮೂಲಕ ಹೊರಡುವುದೇ ಸರಿಯಾದ ದಾರಿ.

ಪ್ರಶ್ನೆ: ತೋಟದ ಕೆಳಗಿನ ರಾಮಪತ್ರೆ ಜಡ್ಡಿಯಿಂದ (ರಾಮಪತ್ರೆ ಮರಗಳ ಜೌಗು ಕಾಡಿನಿಂದ) ಬೀಜ ತಂದು, ನೆರಳಲ್ಲಿ ಒಣಗಿಸಿಟ್ಟು, ತಿಂಗಳ ನಂತರ ಬಿತ್ತಿದೆ. ಒಂದೂ ಮೊಳೆಯಲಿಲ್ಲ.
— ಕೃಷಿಕರು, ಸಿದ್ದಾಪುರ

ಉತ್ತರ: ಒಣಗಿಸಿದ್ದೇ ಕಾರಣ. ವರ್ಷವಿಡೀ ಜೌಗಾಗಿರುವ ನೆಲದ ಈ ಬೀಜಗಳಿಗೆ ತೇವ ಆರಿದರೆ ಜೀವವೂ ಆರಿತು. ಭತ್ತದ ಹಾಗೆ ಕಟ್ಟಿಡಲಾಗದು. ತಾನಾಗಿ ಬಿರಿದು ಬಿದ್ದ ಹಣ್ಣನ್ನೇ ಆರಿಸಿ. ಬೀಜವನ್ನು ಸುತ್ತಿರುವ ಪತ್ರೆಯ ಆಸೆಗೆ ಕೊಂಬೆ ಕಡಿದು ಕೆಡವಿದ ಕಾಯಿಯ ಬೀಜ ಬಲಿತಿರುವುದಿಲ್ಲ. ಕೆಂಪು ಪತ್ರೆ ಬಿಡಿಸಿ, ತೊಳೆದು, ಎರಡು ಮೂರು ದಿನದೊಳಗೆ ಒದ್ದೆ ಮರಳಿನ ಪಾತಿಯಲ್ಲಿ ಅಡ್ಡಲಾಗಿ ಮಲಗಿಸಿ, ತೆಳುವಾಗಿ ಮುಚ್ಚಿ. ಮೊಳಕೆಗೆ ತಿಂಗಳುಗಳೇ ಹಿಡಿಯಬಹುದು, ಪಾತಿ ಕೆದಕಿ ನೋಡಬೇಡಿ. ತಾಯಿಬೇರು ಉದ್ದವಾದ್ದರಿಂದ ಆಳದ ಚೀಲವೇ ಬೇಕು. ಗಿಡ್ಡ ಚೀಲದಲ್ಲಿ ಬೇರು ಸುರುಳಿ ಸುತ್ತಿ, ನೆಟ್ಟ ಮೇಲೆ ಗಿಡ ಸೊರಗುತ್ತದೆ. ನೆಡುವುದು ಮರಗಳ ನೆರಳಲ್ಲೇ, ಬಯಲಿನ ಬಿಸಿಲಿಗೆ ಎಲೆ ಕರಕಲಾಗುತ್ತದೆ.

ಇದಕ್ಕೂ ಮೊದಲು ಹಳ್ಳದ ಮೇಲ್ಭಾಗಕ್ಕೆ ಹೋಗಿ ನೋಡಿ. ಅಡಿಕೆಗೆಂದು ಪೈಪು ಹಾಕಿ ನೀರನ್ನೆಲ್ಲ ತಿರುಗಿಸಿದ್ದರೆ ಜಡ್ಡಿ ಒಣಗುತ್ತಿದೆ ಎಂದರ್ಥ, ಸಸಿ ನೆಟ್ಟು ಫಲವಿಲ್ಲ. ಬೇಸಿಗೆಯಲ್ಲೂ ಒಂದಿಷ್ಟು ನೀರು ಹಳ್ಳದಲ್ಲೇ ಹರಿಯುವಂತೆ ಮೇಲಿನ ತೋಟದವರೊಂದಿಗೆ ಮಾತಾಡಿಕೊಳ್ಳಿ. ನಿಮ್ಮ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಸಿಕ್ಕ, ಅದರದೇ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರವೂ ಇಂಥ ಜಡ್ಡಿಯನ್ನೇ ನಂಬಿದೆ.

ಪ್ರಶ್ನೆ: ನಮ್ಮ ಗೋಮಾಳ ಬರೀ ಹುಲ್ಲು, ಅಲ್ಲಲ್ಲಿ ಬಳ್ಳಾರಿ ಜಾಲಿ. ವನಮಹೋತ್ಸವಕ್ಕೆ 500 ಸಸಿ ನೆಡಬೇಕೆಂದಿದ್ದೇವೆ. ಯಾವ ಜಾತಿ ಒಳ್ಳೆಯದು?
— ಗ್ರಾಮ ಪಂಚಾಯಿತಿ ಸದಸ್ಯರು, ಮಧುಗಿರಿ ತಾಲ್ಲೂಕು

ಉತ್ತರ: ಗೋಮಾಳದಲ್ಲಿ ಯಾವುದೂ ಬೇಡ. ಕುರಿ ಕಾಯುವವರ ಬದುಕು ನಿಂತಿರುವುದು ಆ "ಬರೀ ಹುಲ್ಲಿನ" ಮೇಲೆಯೇ. ನಿಮ್ಮದೇ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಇರುವುದೂ ಬಯಲಿದ್ದುದರಿಂದ. ಸಾಲಾಗಿ ಮರ ನೆಟ್ಟರೆ ನೆರಳಿಗೆ ಹುಲ್ಲು ಕೊರಗುತ್ತದೆ. ಹೊಂಗೆ, ಬೇವು ರಸ್ತೆ ಬದಿಗೆ, ಶಾಲೆಯ ಅಂಗಳಕ್ಕೆ ಹೋಗಲಿ.

ಗೋಮಾಳದಲ್ಲಿ ಮಾಡಬೇಕಾದದ್ದು ಜಾಲಿ ತೆಗೆಯುವ ಕೆಲಸ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಬರುತ್ತವೆ; ಸುಮಾರು ಒಂದು ಅಡಿ ಆಳಕ್ಕೆ ಅಗೆದು ಬೇರು ಕತ್ತರಿಸಿ. ಕಾಯಿ ಉದುರುವ ಮೊದಲೇ ಮಾಡಿ, ಏಕೆಂದರೆ ಸಿಹಿ ಕಾಯಿ ತಿಂದ ದನಕುರಿಗಳ ಸಗಣಿ, ಹಿಕ್ಕೆಯಲ್ಲೇ ಬೀಜ ಊರೆಲ್ಲ ಹರಡುವುದು. ಗುಂಡಿ ಬಿದ್ದ ಜಾಗಕ್ಕೆ ಅಂಜನ ಹುಲ್ಲಿನ ಬೀಜ, ಎಕರೆಗೆ 2 ಕೆ.ಜಿ. ಲೆಕ್ಕದಲ್ಲಿ. ಹಗುರವಾದ್ದರಿಂದ ಗಾಳಿಗೆ ಹಾರುತ್ತದೆ. ಮೂರು ನಾಲ್ಕು ಪಟ್ಟು ಹಸಿ ಮಣ್ಣಿನಲ್ಲಿ ಕಲಸಿ ಎರಚಿ, ಮುಳ್ಳಿನ ಕೊಂಬೆ ಎಳೆದು ತೆಳ್ಳಗೆ ಮುಚ್ಚಿದರೆ ಸಾಕು. ಆಳಕ್ಕೆ ಹೂತರೆ ಮೇಲೆ ಬರುವುದಿಲ್ಲ. ಆ ತುಂಡು ನೆಲವನ್ನು ಮೊದಲ ಮಳೆಗಾಲ ಬೀಜ ಉದುರುವವರೆಗೂ ಮೇವಿಗೆ ಬಿಡಬಾರದು. ಎಲ್ಲಿ, ಎಷ್ಟು ದಿನ ಎಂಬುದನ್ನು ಕುರಿಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಿ. ಅವರನ್ನು ಬಿಟ್ಟು ಹಾಕಿದ ಬೇಲಿ ಬಹಳ ದಿನ ನಿಲ್ಲುವುದಿಲ್ಲ.

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ನೆಟ್ಟ ಕಾಂಡ್ಲಾ (ಅಳಿವೆಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮರ) ಕೋಡುಗಳು (ಮರದಲ್ಲೇ ಮೊಳೆತು ಇಳಿಬೀಳುವ ಉದ್ದನೆಯ ಸಸಿಗಳು) ಕೊಳೆತುಹೋದವು.
— ಓದುಗರೊಬ್ಬರು, ಕುಮಟಾ

ಉತ್ತರ: ಬಹುಶಃ ತೀರಾ ತಗ್ಗಿನಲ್ಲಿ ನೆಟ್ಟಿದ್ದೀರಿ. ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ದಿಬ್ಬಗಳು ದಿನದ ಹೆಚ್ಚು ಹೊತ್ತು ನೀರಲ್ಲೇ ಇರುತ್ತವೆ; ಅಲ್ಲಿ ಕೋಡೂ ಬದುಕದು, ಬಳಚು ತೆಗೆಯುವ ಹೆಂಗಸರ ದುಡಿಮೆಗೂ ಅಡ್ಡಿ. ಭರತ ಬಂದು ಮುಚ್ಚಿ, ಇಳಿತಕ್ಕೆ ಪೂರ್ತಿ ತೆರೆದುಕೊಳ್ಳುವ ಮೇಲಿನ ಕೆಸರು ಆರಿಸಿಕೊಳ್ಳಿ. ಕಾಯಿಯೂ ಕೋಡೂ ಕೂಡುವಲ್ಲಿ ಹಳದಿ ಉಂಗುರ ಮೂಡಿ, ಮೆಲ್ಲಗೆ ತಿರುವಿದರೆ ಕಳಚಿ ಬರುವ ಕೋಡು ಮಾತ್ರ ಬಲಿತದ್ದು. ಚೂಪು ತುದಿ ಕೆಳಗಾಗಿ, ಮೂರರಲ್ಲೊಂದು ಪಾಲು ಕೆಸರಿನೊಳಗೆ ಹೋಗುವಂತೆ ಊರಿ.