ಬೇಟೆಯ ರೇಂಜ್‌ಫೈಂಡರ್ ಗಾಲ್ಫಿಗೆ ಆಗುತ್ತಾ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಬಿಡುವಾದಾಗ ಬಿಟ್ಟಂಗಾಲಕ್ಕೆ ಹೋಗಿ ಗಾಲ್ಫ್ ಆಡುತ್ತೇನೆ. ಅಮೆರಿಕದ ಕೊಲರಾಡೋದಲ್ಲಿರುವ ಮಗ ಜಿಂಕೆ ಬೇಟೆಗೆಂದು ಕೊಂಡಿದ್ದ ಲೇಸರ್ ರೇಂಜ್‌ಫೈಂಡರ್ ಒಂದನ್ನು ನನಗೆ ತಂದುಕೊಡುತ್ತಾನಂತೆ. ಸಾವಿರ ಯಾರ್ಡ್ ತನಕ ಅಳೆಯುತ್ತದೆ ಅನ್ನುತ್ತಾನೆ. ಗಾಲ್ಫಿಗೆ ನಡೆಯುತ್ತಾ, ಇಲ್ಲಾ ಹೊಸದೇ ಕೊಳ್ಳಬೇಕಾ?

ಉತ್ತರ: ತರಲಿ, ಬೇಡ ಅನ್ನಬೇಡಿ. ಆದರೆ ಕೋರ್ಸಿಗೆ ಒಯ್ಯುವ ಮೊದಲು ಅದನ್ನು ನಿಮ್ಮ ತೋಟದಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಅಳೆಯುವ ಕೆಲಸ ಎರಡಕ್ಕೂ ಒಂದೇ. ಯಂತ್ರ ಕಣ್ಣಿಗೆ ಕಾಣದ ಬೆಳಕನ್ನು ಬಿಡುತ್ತದೆ, ಅದು ಏನಕ್ಕಾದರೂ ತಾಗಿ ವಾಪಸ್ ಬರುತ್ತದೆ, ಹೋಗಿ ಬಂದ ಸಮಯದಿಂದ ದೂರ ಸಿಗುತ್ತದೆ. 150 ಯಾರ್ಡ್ ಹೋಗಿ ಬರಲು ಬೆಳಕಿಗೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಕೂಡ ಬೇಕಿಲ್ಲ. ತೊಡಕು ಇರುವುದು ಬೆಳಕು ಯಾವುದಕ್ಕೆ ತಾಗಿತು ಅನ್ನುವಲ್ಲಿ.

ಬೇಟೆಗಾರನಿಗೆ ಮುಂದಿನ ಪೊದೆ, ರೆಂಬೆ ಬೇಡ. ಅವುಗಳ ಹಿಂದೆ ನಿಂತ ಜಿಂಕೆ ಬೇಕು. ಹಾಗಾಗಿ ಅವನ ಯಂತ್ರ ಹಲವು ಕಡೆಯಿಂದ ವಾಪಸ್ ಬಂದ ಬೆಳಕಿನಲ್ಲಿ ದೂರದ್ದನ್ನು ಆರಿಸಬಲ್ಲದು. ನಮಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಗ್ರೀನಿನಲ್ಲಿ, ಅಂದರೆ ಚೆಂಡು ಸೇರಿಸುವ ಕುಳಿ ಇರುವ ಹುಲ್ಲುಹಾಸಿನಲ್ಲಿ, ಇರುವುದು ಬಾವುಟದ ಒಂದು ಸಣ್ಣ ಕೋಲು, ಹಿಂದೆ ಸಾಲುಮರ. ನಮಗೆ ಹತ್ತಿರದ ಕೋಲೇ ಬೇಕು. ಬೇಟೆಯ ಮೋಡ್‌ನಲ್ಲಿ ಒತ್ತಿದರೆ ಹಿಂದಿನ ಮರದ ದೂರ ಬರುತ್ತದೆ, ಅದನ್ನು ನಂಬಿ ಹೊಡೆದರೆ ಚೆಂಡು ಗ್ರೀನ್ ದಾಟಿ ಕಾಡು ಸೇರುತ್ತದೆ.

ಬಹಳ ಯಂತ್ರಗಳಲ್ಲಿ ಎರಡೂ ಮೋಡ್ ಇರುತ್ತವೆ. ಬುಶ್ನೆಲ್ ಆದರೆ ಮೆನುವಿನಲ್ಲಿ 'ಬುಲ್ಸ್‌ಐ', 'ಬ್ರಷ್' ಎಂದು ನೋಡಿ. ಬುಲ್ಸ್‌ಐ ಹತ್ತಿರದ್ದು, ಬ್ರಷ್ ದೂರದ್ದು. ನಿಕಾನ್ ಆದರೆ 'ಫಸ್ಟ್ ಟಾರ್ಗೆಟ್', 'ಡಿಸ್ಟೆಂಟ್ ಟಾರ್ಗೆಟ್' ಅನ್ನುತ್ತಾರೆ. ನಿಮಗೆ ಬೇಕಾದದ್ದು ಬುಲ್ಸ್‌ಐ, ಇಲ್ಲವೇ ಫಸ್ಟ್.

ಪರೀಕ್ಷೆ ಹೀಗೆ ಮಾಡಿ. ತೋಟದ ಅಂಚಿನಲ್ಲಿ ಸಿಲ್ವರ್ ಓಕ್ ಸಾಲಿದ್ದರೆ, ಅದರ ಮುಂದೆ ಇಪ್ಪತ್ತು ಮಾರು ಬಿಟ್ಟು ಒಂದು ಬಿದಿರು ನೆಡಿ, ತುದಿಗೆ ಬಟ್ಟೆ ಕಟ್ಟಿ. ಟೇಪ್ ಹಿಡಿದು 150 ಯಾರ್ಡ್ ಹಿಂದೆ ಬನ್ನಿ. ಕೈ ಊರದೆ, ನಿಂತಲ್ಲೇ ಹತ್ತು ಸಲ ಒತ್ತಿ. ಹೆಚ್ಚಿನ ಸಲ 149, 150, 151 ಬಂದರೆ ಹೊಸದು ಕೊಳ್ಳುವ ಅಗತ್ಯವೇ ಇಲ್ಲ. ಅರ್ಧ ಸಲ ಮರದ ದೂರ ಬಂದರೆ ಮಗನಿಗೇ ವಾಪಸ್ ಕೊಡಿ. ಸಾವಿರ ಯಾರ್ಡ್ ಅನ್ನುವ ಮಾತು ತಲೆಯಲ್ಲಿಟ್ಟುಕೊಳ್ಳಬೇಡಿ. ಅದು ಹೊಳೆಯುವ ದೊಡ್ಡ ವಸ್ತುವಿನ ಲೆಕ್ಕ. ಸಣ್ಣ ಬಾವುಟವನ್ನು 250 ಯಾರ್ಡಿನಿಂದ ಹಿಡಿದರೆ ನಮಗೆ ಧಾರಾಳ ಸಾಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕೊಡಗಿನ ನೆಲಕ್ಕಂತೂ ಬಹಳ ಮುಖ್ಯ. ಬೇಟೆಯ ಯಂತ್ರವೂ ಏರುತಗ್ಗಿನ ಲೆಕ್ಕ ಮಾಡುತ್ತದೆ, ಆದರೆ ಅದು ಗುಂಡು, ಬಾಣದ ಲೆಕ್ಕ. ಮರದ ಮೇಲೆ ಕೂತವನು 30 ಡಿಗ್ರಿ ಕೆಳಗೆ ನೋಡಿ 40 ಯಾರ್ಡ್ ಅಳೆದರೆ, ಯಂತ್ರ ಸುಮಾರು 35 ತೋರಿಸುತ್ತದೆ. ಬಾಣವನ್ನು ಭೂಮಿ ಎಳೆಯುವುದು ಅಡ್ಡದೂರಕ್ಕೆ ತಕ್ಕಂತೆ. ಹಾಗಾಗಿ ಮೇಲಕ್ಕೆ ನೋಡಿದರೂ ಅಂಕಿ ಕಡಿಮೆ, ಕೆಳಕ್ಕೆ ನೋಡಿದರೂ ಕಡಿಮೆ. ಗಾಲ್ಫ್ ಚೆಂಡು ಮೇಲಿಂದ ಇಳಿದು ಬೀಳುವಂಥದ್ದು. ಗ್ರೀನ್ ಎತ್ತರದಲ್ಲಿದ್ದರೆ ಚೆಂಡು ಪೂರ್ತಿ ದೂರ ಹೋಗುವ ಮೊದಲೇ ನೆಲ ಸಿಕ್ಕಿಬಿಡುತ್ತದೆ, ಹಾಗಾಗಿ ಅಂಕಿಗೆ ಕೂಡಿಸಬೇಕು. ಗ್ರೀನ್ ತಗ್ಗಿನಲ್ಲಿದ್ದರೆ ಕಳೆಯಬೇಕು. 150 ಯಾರ್ಡ್, 5 ಡಿಗ್ರಿ ಏರು ಅಂದುಕೊಳ್ಳಿ. ಅಲ್ಲಿ ಗ್ರೀನ್ ನಿಮಗಿಂತ ಸುಮಾರು 13 ಯಾರ್ಡ್ ಎತ್ತರದಲ್ಲಿರುತ್ತದೆ. ಬೇಟೆಯ ಯಂತ್ರ 149 ಅನ್ನುತ್ತದೆ. ನೀವು ಹೊಡೆಯಬೇಕಾದದ್ದು 160ರ ಮೇಲೆ. ಒಂದು ಪೂರ್ತಿ ಕ್ಲಬ್ಬಿನ, ಅಂದರೆ ಹೊಡೆಯುವ ದಾಂಡಿನ, ವ್ಯತ್ಯಾಸ! ಆದ್ದರಿಂದ ಆ ಕೋನದ ಲೆಕ್ಕವನ್ನು ಆಫ್ ಮಾಡಿ, ನೇರ ದೂರ ಮಾತ್ರ ತೋರುವಂತೆ ಇಟ್ಟುಕೊಳ್ಳಿ. ಏರುತಗ್ಗನ್ನು ನೀವೇ ಅಂದಾಜು ಮಾಡಿ. ಎತ್ತರ ಒಂದು ಯಾರ್ಡಿಗೆ ಸುಮಾರು ಒಂದು ಯಾರ್ಡ್ ಕೂಡಿಸಿದರೆ ಸಾಕಷ್ಟು ಹತ್ತಿರ ಬರುತ್ತೀರಿ.

ಯಂತ್ರ ಮೀಟರಿನಲ್ಲಿದೆಯಾ ಯಾರ್ಡಿನಲ್ಲಿದೆಯಾ ಅದನ್ನೂ ನೋಡಿ. 150 ಯಾರ್ಡ್ ಅಂದರೆ 137 ಮೀಟರ್. ಮಂಜಿನ ದಿನ ಲೇಸರ್ ನಂಬಬೇಡಿ, ಬೆಳಕು ಹನಿಗಳಿಗೇ ತಾಗಿ ವಾಪಸ್ ಬರುತ್ತದೆ. ಮಳೆಗಾಲದಲ್ಲೂ ಆಡುವವರಾದರೆ, ಕೋರ್ಸಿನ ನಕ್ಷೆ ಸಿಗುವುದಾದರೆ, ಜಿಪಿಎಸ್ ಗಡಿಯಾರವೇ ವಾಸಿ. ದಿಬ್ಬದ ಆಚೆ ಗ್ರೀನ್ ಕಾಣದಿದ್ದರೂ ಅದು ದೂರ ಹೇಳುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ತರುವುದಾದರೆ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಲು ಮಗನಿಗೆ ಹೇಳಿ. ಮತ್ತೆ, ಅದರಲ್ಲಿ ಸೂರ್ಯನನ್ನು ಯಾವತ್ತೂ ನೋಡಬೇಡಿ. ದುರ್ಬೀನಿನಷ್ಟೇ ಅಪಾಯ ಅದು.

ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇರುವುದರಿಂದ ಇದನ್ನೂ ಹೇಳುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆಗೆ ಗುರಿಯಿಡುವ ಮಾತೇ ಇಲ್ಲ. ಈ ಯಂತ್ರಕ್ಕೆ ಇಲ್ಲಿ ಒಳ್ಳೆಯ ಕೆಲಸ ಗಾಲ್ಫೇ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಗಾಲ್ಫ್ ಈಗಷ್ಟೇ ಶುರು ಮಾಡಿದ್ದೇನೆ. ಸ್ಲೋಪ್ (ಏರುತಗ್ಗಿನ ಲೆಕ್ಕ) ಇರುವ ರೇಂಜ್‌ಫೈಂಡರ್ ಕೊಂಡರೆ ಸ್ಪರ್ಧೆಯಲ್ಲಿ ಬಳಸಬಹುದಾ?

ಉತ್ತರ: ಕೊಳ್ಳಬಹುದು, ಒಯ್ಯಬಹುದು, ಸ್ಪರ್ಧೆಯಲ್ಲಿ ಸ್ಲೋಪ್ ಮಾತ್ರ ಬಳಸುವಂತಿಲ್ಲ. ಗಾಲ್ಫ್ ನಿಯಮ 4.3 ಪ್ರಕಾರ 2019ರಿಂದ ದೂರ ಅಳೆಯಲು ಅನುಮತಿ ಇದೆ. ಸ್ಪರ್ಧೆ ನಡೆಸುವವರು ಬೇಕಾದರೆ ಸ್ಥಳೀಯ ನಿಯಮ ಹಾಕಿ ಅದನ್ನೂ ತಡೆಯಬಹುದು, ಹಾಗಾಗಿ ಆಟಕ್ಕೆ ಮೊದಲೇ ಕೇಳಿಕೊಳ್ಳಿ. ಏರುತಗ್ಗು ಅಳೆದರೆ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಸ್ಟ್ರೋಕ್ ದಂಡ, ಮತ್ತೊಮ್ಮೆ ಮಾಡಿದರೆ ಆಟದಿಂದಲೇ ಹೊರಗೆ. ಸ್ಲೋಪ್ ಆಫ್ ಆಗಿದೆ ಎಂದು ಹೊರಗಿನಿಂದಲೇ ಕಾಣುವ ಸ್ವಿಚ್ ಇರುವುದನ್ನು ಆರಿಸಿ. ಜೊತೆಗಾರರಿಗೆ ಅನುಮಾನವೇ ಬರುವುದಿಲ್ಲ.

ಆದರೆ ಹೊಸದಾಗಿ ಕಲಿಯುತ್ತಿರುವ ನಿಮಗೆ ಒಂದು ಮಾತು. ನಿಮ್ಮ 7 ಐರನ್ ಎಷ್ಟು ದೂರ ಹೋಗುತ್ತದೆ ಎಂದು ಗೊತ್ತಾ? ಗೊತ್ತಿಲ್ಲದಿದ್ದರೆ 143 ಅನ್ನುವ ಅಂಕಿಯಿಂದ ಏನೂ ಸಿಗುವುದಿಲ್ಲ. ಮೊದಲು ಅಭ್ಯಾಸದ ರೇಂಜಿನಲ್ಲಿ ಪ್ರತಿ ಕ್ಲಬ್ಬಿನ ದೂರ ಬರೆದಿಟ್ಟುಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ.

ಪ್ರಶ್ನೆ: ನಾನು ಆಟಗಾರರ ಬ್ಯಾಗ್ ಹೊರುವ ಕ್ಯಾಡಿ ಕೆಲಸ ಮಾಡುತ್ತೇನೆ. ಈಗ ಎಲ್ಲರ ಕೈಯಲ್ಲೂ ಈ ಯಂತ್ರ. 'ದೂರ ನೀನು ಹೇಳ್ಬೇಡ' ಅನ್ನುತ್ತಾರೆ. ನಮಗೆ ಮುಂದೆ ಕೆಲಸ ಇರುತ್ತಾ ಸಾರ್?

ಉತ್ತರ: ತಮ್ಮಾ, ಈ ಅಂಕಣ ಬರೆಯುವವನೂ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಕೆಳಗಿನ ಕೋರ್ಸಿನಲ್ಲಿ, ಬೇರೆಯವರ ಬ್ಯಾಗ್ ಹೊತ್ತೇ ಆಟ ಕಲಿತವನು. ನಿನ್ನ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಸುಮ್ನೆ ಸಮಾಧಾನ ಹೇಳುವುದಿಲ್ಲ, ನಡೆದದ್ದನ್ನೇ ಹೇಳುತ್ತೇನೆ.

ಅಮೆರಿಕದ ದೊಡ್ಡ ಟೂರ್ನಿ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ 2021ರಲ್ಲಿ ಮೊದಲ ಸಲ ರೇಂಜ್‌ಫೈಂಡರ್ ಬಳಸಲು ಬಿಟ್ಟರು. ಗೆದ್ದವನು ಫಿಲ್ ಮಿಕೆಲ್ಸನ್, ಆಗ ಅವನಿಗೆ 50 ವರ್ಷ. ಯಂತ್ರಕ್ಕೆ ಅನುಮತಿ ಇದ್ದರೂ ಪಕ್ಕದಲ್ಲಿ ಕ್ಯಾಡಿಯಾಗಿ ಅವನ ತಮ್ಮ ಟಿಮ್ ಇದ್ದ. ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವಳಾಗಿ ಬಂದಾಗ ಬ್ಯಾಗ್ ಹಿಡಿದದ್ದು ಅವಳ ತಾಯಿ. ಜೊತೆಗೆ ಒಬ್ಬ ಮನುಷ್ಯ ಬೇಕು ಅಂತ ದೊಡ್ಡ ಆಟಗಾರರಿಗೆ ಗೊತ್ತು.

ಯಂತ್ರ ಬಾವುಟದ ದೂರ ಹೇಳುತ್ತದೆ. ಬಾವುಟ ಬಂಕರಿನ (ಮರಳುಗುಂಡಿಯ) ಬೆನ್ನಿಗೇ ಇದ್ದರೆ ಅಲ್ಲಿಗೆ ಹೊಡೆಯಬಾರದು ಅನ್ನುವುದನ್ನು ಹೇಳುವುದಿಲ್ಲ. ನಿನ್ನೆ ನೀರು ಬಿಟ್ಟ ಗ್ರೀನ್ ಯಾವುದು, ಚೆಂಡು ಎಲ್ಲಿ ಬಿದ್ದರೆ ಎಡಕ್ಕೆ ಉರುಳುತ್ತದೆ, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ, ಇದು ನಿನಗೆ ಗೊತ್ತು. ಹಾಗಾಗಿ ಬಾವುಟದ ಅಂಕಿಯನ್ನು ಅವರೇ ಹೇಳಲಿ. ಗ್ರೀನಿನ ಮುಂಭಾಗಕ್ಕೆ ಎಷ್ಟು, ಬಂಕರ್ ದಾಟಲು ಎಷ್ಟು, ಹಿಂದೆ ಎಷ್ಟು ಜಾಗ ಇದೆ, ಈ ಮೂರನ್ನು ಪ್ರತಿ ಹೋಲಿಗೂ ಪುಸ್ತಕದಲ್ಲಿ ಬರೆದಿಟ್ಟುಕೋ. ನಾಳೆ ಬೆಳಗ್ಗೆ ಕೋರ್ಸ್ ಖಾಲಿ ಇರುವಾಗ ಹೆಜ್ಜೆ ಹಾಕಿ ಅಳೆಯಲು ಶುರು ಮಾಡು. ಯಂತ್ರ ಇರುವವರು ಯಾರಾದರೂ ಪರಿಚಯದವರಿದ್ದರೆ ಅರ್ಧ ಗಂಟೆ ಕೇಳಿ ತಗೋ, ಕೆಲಸ ಇನ್ನೂ ಬೇಗ ಮುಗಿಯುತ್ತದೆ.