ಈಸ್ಟರ್‌ಗೆ ಫ್ರೆಂಡ್ಸ್ ಜೊತೆ ನಾರ್ವೆ ಬೆಟ್ಟದಲ್ಲಿ ಸ್ಕೀ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಸ್ಟರ್ ರಜೆಗೆ ನಾರ್ವೆಯ ಬೆಟ್ಟಕ್ಕೆ ಹೋಗೋದರ ಬಗ್ಗೆನೇ ಇವೆ, ಅದರಲ್ಲೂ ಫ್ರೆಂಡ್ಸ್ ಗುಂಪು ಕಟ್ಕೊಂಡು ಹೋಗೋರದ್ದೇ. ನಾನು ಓಸ್ಲೋಗೆ ಬಂದು ಹದಿನಾಲ್ಕು ವರ್ಷ ಆಯ್ತು, ಇಷ್ಟು ವರ್ಷದಲ್ಲಿ ಎರಡೇ ಎರಡು ಈಸ್ಟರ್ ಬೆಟ್ಟಕ್ಕೆ ಹೋಗದೆ ತಪ್ಪಿದೆ, ಹಾಗಾಗಿ ಗೊತ್ತಿರೋದನ್ನ ಬಿಚ್ಚಿ ಹೇಳ್ತೀನಿ.

ಪ್ರಶ್ನೆ: ನಾವು ಆರು ಜನ. ಇಬ್ಬರಿಗೆ ಸ್ಕೀ ಚೆನ್ನಾಗಿ ಬರುತ್ತೆ, ಉಳಿದ ನಾಲ್ಕು ಜನ ಈ ಚಳಿಗಾಲದಲ್ಲೇ ಕಲಿತಿದ್ದು. ಫಿನ್ಸೆಯಿಂದ ಹೊರಟು ಹಾರ್ಡಾಂಗರ್‌ವಿಡ್ಡ ಅನ್ನೋ ಬೆಟ್ಟದ ಬಯಲಿನ ಮೇಲೆ ನಾಲ್ಕು ದಿನ ಒಂದು ಹಟ್‌ನಿಂದ (ಬೆಟ್ಟದ ತಂಗುಮನೆ) ಇನ್ನೊಂದು ಹಟ್‌ಗೆ ಹೋಗ್ಬೇಕು ಅಂತ ಆಸೆ. ಆಗುತ್ತಾ?

ಉತ್ತರ: ಆಸೆ ಒಳ್ಳೇದು, ಆದ್ರೆ ಈ ಗುಂಪಿಗೆ ಈ ವರ್ಷ ಬೇಡ ಅಂತೀನಿ. ಫಿನ್ಸೆ ಸ್ಟೇಷನ್ 1222 ಮೀಟರ್ ಎತ್ತರದಲ್ಲಿದೆ, 1909ರಲ್ಲಿ ಉದ್ಘಾಟನೆ ಆದ ಬರ್ಗೆನ್ ರೈಲು ಮಾರ್ಗದಲ್ಲಿ ಅದೇ ಎಲ್ಲಕ್ಕಿಂತ ಎತ್ತರದ್ದು, ಇವತ್ತಿಗೂ ಅಲ್ಲಿಗೆ ಕಾರ್ ಹೋಗಲ್ಲ. ರೈಲಿಂದ ಇಳಿದು ಸುತ್ತ ನೋಡಿದ್ರೆ ಒಂದೇ ಒಂದು ಮರ ಇರಲ್ಲ, ದಕ್ಷಿಣಕ್ಕೆ ಹಾರ್ಡಾಂಗರ್‌ಯೋಕುಲೆನ್ ಅನ್ನೋ ಹಿಮನದಿ, ಉಳಿದಿದ್ದೆಲ್ಲ ಬಿಳಿ. ಬಿಸಿಲಿದ್ದಾಗ ಇದಕ್ಕಿಂತ ಚೆಂದದ ಜಾಗ ನಾನು ನೋಡಿಲ್ಲ, ಗಾಳಿ ಎದ್ದರೆ ಮಾತ್ರ ಮರೆಗೆ ನಿಲ್ಲೋಕೆ ಏನೂ ಸಿಗಲ್ಲ. ಮೈದಾನದ ಟ್ರ್ಯಾಕ್‌ನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರ್ ಹೋಗೋರು ಬೆನ್ನ ಮೇಲೆ ಹನ್ನೆರಡು ಕೆಜಿ ಬ್ಯಾಗ್ ಹಾಕ್ಕೊಂಡು ಎದುರುಗಾಳಿಗೆ ಸಿಕ್ಕಿದ್ರೆ ಎರಡು ಮೂರು ಕಿಲೋಮೀಟರ್‌ಗೆ ಇಳಿದುಬಿಡ್ತಾರೆ, ಅದೂ ಇಳಿಜಾರಲ್ಲಿ ನಾಲ್ಕು ಜನ ಬಿದ್ದು ಎದ್ದು ಬಿದ್ದು ಎದ್ದು ಬರೋ ಹೊತ್ತಿಗೆ ಮುಂದೆ ಹೋದ ಇಬ್ಬರು ಕಾಯ್ತಾ ನಿಂತು ಮರಗಟ್ಟಿ ಹೋಗಿರ್ತಾರೆ. ಹಟ್‌ನಿಂದ ಹಟ್‌ಗೆ ಹೋಗೋ ಟೂರ್‌ನಲ್ಲಿ ಕಷ್ಟ ಏನಪ್ಪಾ ಅಂದ್ರೆ ರಾತ್ರಿ ಹಾಸಿಗೆ ಮುಂದಿನ ಹಟ್‌ನಲ್ಲಿರುತ್ತೆ, ಸುಸ್ತಾದ್ರೂ ಅಲ್ಲಿಗೆ ಹೋಗ್ಲೇಬೇಕು.

ಅದಕ್ಕೆ ನನ್ನ ಸಲಹೆ, ಒಂದೇ ಕಡೆ ರೂಮ್ ಮಾಡಿ ದಿನಾ ಹೋಗಿ ಬನ್ನಿ. ಅದೇ ರೈಲು ಮಾರ್ಗದಲ್ಲಿರೋ ಗೈಲೊ (ಬರೆಯೋದು ಹಾಗೆ, ಅಲ್ಲಿನೋರು ಯೈಲು ಅಂತಾರೆ), ಇಲ್ಲ ಯೋಟುನ್‌ಹೈಮೆನ್ ಬಾಗಿಲಲ್ಲಿರೋ ಬೈಟೊಸ್ಟೋಲೆನ್, ಇಲ್ಲ ಲಿಲ್ಲೆಹಾಮರ್ ಹತ್ತಿರದ ಶೂಶೋಯೆನ್. ಇಲ್ಲೆಲ್ಲ ಮಷಿನ್ ಓಡಿಸಿ ಜೋಡಿ ಗೆರೆ ಹಾಕಿದ ಲೋಯ್ಪೆ, ಅಂದ್ರೆ ಸ್ಕೀ ಟ್ರ್ಯಾಕ್, ಇರುತ್ತೆ, ಬಹುತೇಕ ಕಡೆ ಅದಕ್ಕೆ ದುಡ್ಡೂ ಇಲ್ಲ. ಹೊಸಬರು ಟ್ರ್ಯಾಕ್‌ನಲ್ಲಿ ಆಡ್ಲಿ, ಬಲ್ಲವರಿಬ್ಬರು ಒಂದು ದಿನ ಮೇಲೆ ಹೋಗಿ ಬರ್ಲಿ. ಫಿನ್ಸೆನೇ ಬೇಕು ಅಂತ ಹಠ ಇದ್ರೆ ಅಲ್ಲೇ ಮೂರು ರಾತ್ರಿ ಉಳ್ಕೊಂಡು ಹವಾಮಾನ ನೋಡಿ ಹೊರಗೆ ಹೋಗಿ.

ಇನ್ನೊಂದು ಮಾತು, ಈಸ್ಟರ್ ತಾರೀಖು ಒಂದೇ ಇರಲ್ಲ. 2026ರಲ್ಲಿ ಭಾನುವಾರ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಬೇಗ ಬಂದ ಈಸ್ಟರ್ ಅಂದ್ರೆ ಚಳಿ ಜಾಸ್ತಿ ಇರೋ ಸಾಧ್ಯತೆ, ತಡವಾಗಿ ಬಂದ್ರೆ ಕೆಳಗಿನ ಊರುಗಳಲ್ಲಿ ಹಿಮ ಕರಗಿ ಟ್ರ್ಯಾಕ್ ಕೆಟ್ಟಿರಬಹುದು, ಆಗ ಎತ್ತರದ ಜಾಗ ಹುಡುಕಬೇಕು. ಗುರುವಾರ, ಶುಕ್ರವಾರ, ಭಾನುವಾರ, ಸೋಮವಾರ ಸರ್ಕಾರಿ ರಜೆ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ಸಾಮಾನೆಲ್ಲ ಬುಧವಾರದೊಳಗೆ ತಗೊಂಡ್ಬಿಡಿ. ರೈಲು ಟಿಕೆಟ್ ಅಂತೂ ಬೇಗ ಖಾಲಿ ಆಗುತ್ತೆ.

ಪ್ರಶ್ನೆ: ನನ್ನ ಸ್ಕೀ ಏರು ಹತ್ತುವಾಗ ಹಿಂದಕ್ಕೆ ಜಾರುತ್ತೆ, ಮಧ್ಯಾಹ್ನ ಆದ್ರೆ ಅದೇ ಸ್ಕೀಗೆ ಹಿಮ ಅಂಟಿ ಇಟ್ಟಿಗೆ ಕಟ್ಟಿದ ಹಾಗಾಗುತ್ತೆ. ಸ್ಕೀ ಕೆಟ್ಟದ್ದಾ?

ಉತ್ತರ: ಸ್ಕೀ ಸರಿ ಇದೆ, ಅದರ ಅಡಿಗೆ ಹಚ್ಚಿರೋ ಮೇಣ ಸರಿ ಇಲ್ಲ. ವಸಂತದ ಹಿಮ ಬೆಳಿಗ್ಗೆ ಒಂಥರ, ಮಧ್ಯಾಹ್ನ ಇನ್ನೊಂಥರ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನ ಹಾಗೆ ಗಟ್ಟಿ ಪದರ ಆಗಿರುತ್ತೆ, ಅದಕ್ಕೆ ಸ್ಕಾರೆ ಅಂತಾರೆ, ಹತ್ತು ಹನ್ನೊಂದು ಗಂಟೆ ಹೊತ್ತಿಗೆ ಮೇಲ್ಪದರ ಸಕ್ಕರೆ ಹರಳಿನ ಹಾಗೆ ಬಿಡಿಬಿಡಿ ಆಗುತ್ತೆ, ಅದೇ ಅತ್ಯುತ್ತಮ ಸಮಯ, ಮಧ್ಯಾಹ್ನ ಎರಡು ಗಂಟೆ ಆದ್ಮೇಲೆ ಬರೀ ಕೆಸರು, ಮೊಣಕಾಲವರೆಗೆ ಹೂತು ಹೋಗ್ತೀರಿ. ಸ್ಕೀ ಮಧ್ಯದಲ್ಲಿ ಕಾಲಡಿ ಭಾಗ ಸ್ವಲ್ಪ ಕಮಾನಾಗಿ ಮೇಲಕ್ಕೆದ್ದಿರುತ್ತಲ್ಲ, ನೀವು ಒದ್ದಾಗ ಅದು ಹಿಮಕ್ಕೆ ಒತ್ತಿ ಹಿಡ್ಕೋಬೇಕು, ಹಿಡಿಯೋ ಮೇಣ ಹಚ್ಚೋದು ಅಲ್ಲಿಗೆ ಮಾತ್ರ. ಒಣ ತಣ್ಣನೆ ಹಿಮಕ್ಕೆ ನೀಲಿ ಮೇಣ ಸಾಕು. ಒಂದು ಸಲ ಕರಗಿ ಮತ್ತೆ ಗಟ್ಟಿಯಾದ ಹಿಮಕ್ಕೆ ಕ್ಲಿಸ್ಟರ್ ಬೇಕು, ಅದು ಟ್ಯೂಬ್‌ನಲ್ಲಿ ಬರುತ್ತೆ, ಥೇಟ್ ಹಲಸಿನ ಮೇಣ, ಕೈಗೆ ಬ್ಯಾಗಿಗೆ ಕೂದಲಿಗೆ ಎಲ್ಲಾ ಕಡೆ ಅಂಟುತ್ತೆ. ಕ್ಲಿಸ್ಟರ್ ಹಚ್ಚಿದ ಸ್ಕೀ ಹೊಸ ಹಿಮದ ಮೇಲೆ ಹೋದ್ರೆ ಆಗೋದೇ ನಿಮ್ಮ ಇಟ್ಟಿಗೆ. ಹೊಸಬರಿಗೆ ನಾನು ಹೇಳೋದು ಶಾರ್ಟ್ ಸ್ಕಿನ್ (ಹಿಂದಕ್ಕೆ ಜಾರದ ಹಾಗೆ ಸ್ಕೀ ಅಡಿಗೆ ಹಾಕೋ ತುಪ್ಪಳದಂಥ ಪಟ್ಟಿ) ಸಿಗಿಸೋಕೆ ಬರೋ, ಅಂಚಿಗೆ ಸ್ಟೀಲ್ ಇರೋ ಫ್ಯೆಲ್‌ಸ್ಕೀ, ಅಂದ್ರೆ ಬೆಟ್ಟದ ಸ್ಕೀ, ಬಾಡಿಗೆಗೆ ತಗೊಳ್ಳಿ ಅಂತ. ಏರು ಬಂದಾಗ ಸ್ಕಿನ್ ಸಿಗಿಸಿ, ಸಮತಟ್ಟಿಗೆ ಬಂದಾಗ ತೆಗೆದು ಜೇಬಿಗೆ ಹಾಕ್ಕೊಳ್ಳಿ. ನನಗೆ ಗೊತ್ತಿರೋ ಎಷ್ಟೋ ಜನ ಮೇಣದ ತಲೆನೋವಿಗೇ ಸ್ಕೀ ಬಿಟ್ಟಿದಾರೆ, ಅದು ತುಂಬಾ ಬೇಜಾರಿನ ವಿಷಯ.

ಪ್ರಶ್ನೆ: ವೆಜಿಟೇರಿಯನ್ ಇದೀವಿ. ಟೂರಿಸ್ಟ್ ಹಟ್‌ಗಳಲ್ಲಿ ಊಟದ ಗತಿ ಏನು? ರೂಮ್ ಸಿಗದಿದ್ರೆ?

ಉತ್ತರ: 1868ರಲ್ಲಿ ಶುರುವಾದ ನಾರ್ವೇಜಿಯನ್ ಟ್ರೆಕ್ಕಿಂಗ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಡಿಎನ್‌ಟಿ, ದೇಶದ ತುಂಬ ಹಟ್ ನಡೆಸುತ್ತೆ. ಮೂರು ಥರ ಇದೆ. ಸಿಬ್ಬಂದಿ ಇರೋ ಹಟ್‌ನಲ್ಲಿ ರಾತ್ರಿ ಊಟ, ತಿಂಡಿ ಎಲ್ಲ ಇರುತ್ತೆ, ಬುಕ್ ಮಾಡುವಾಗಲೇ ವೆಜ್ ಅಂತ ಹೇಳಿ, ಬೆಳಿಗ್ಗೆ ತಿಂಡಿ ಟೇಬಲ್‌ನಿಂದಲೇ ಮಧ್ಯಾಹ್ನಕ್ಕೆ ಬ್ರೆಡ್ ಬುತ್ತಿ ಕಟ್ಕೊಂಡು ಫ್ಲಾಸ್ಕ್ ತುಂಬಿಸ್ಕೊಂಡು ಹೊರಡೋದು ಅಲ್ಲಿನ ಪದ್ಧತಿ. ಸೆಲ್ಫ್ ಸರ್ವಿಸ್ ಹಟ್‌ನಲ್ಲಿ ಸಿಬ್ಬಂದಿ ಇರಲ್ಲ, ಒಂದು ಉಗ್ರಾಣ ಇರುತ್ತೆ, ಓಟ್ಸ್, ಗಟ್ಟಿ ರೊಟ್ಟಿ ಥರದ ಕ್ನೆಕ್ಕೆಬ್ರೋಡ್, ಡಬ್ಬಿ ಊಟ, ಕಾಫಿ, ತಗೊಂಡಿದ್ದನ್ನ ನೀವೇ ಬರೆದು ನೀವೇ ದುಡ್ಡು ಕಟ್ಟಬೇಕು, ಯಾರೂ ನೋಡ್ತಾ ಕೂತಿರಲ್ಲ. ಈ ನಂಬಿಕೆ ಮೊದಲ ಸಲ ನೋಡಿದಾಗ ನನಗೆ ಮನಸ್ಸು ತುಂಬಿ ಬಂದಿತ್ತು. ಮೂರನೇ ಥರದಲ್ಲಿ ಆಹಾರ ಇರಲ್ಲ, ಒಲೆ ಸೌದೆ ಹಾಸಿಗೆ ಮಾತ್ರ. ಬೀಗ ಇರೋ ಹಟ್‌ಗಳಿಗೆ ಮೆಂಬರ್‌ಗಳಿಗೆ ಕೊಡೋ ಡಿಎನ್‌ಟಿ ಕೀ ಬೇಕು, ಹೊರಡೋಕೆ ಮುಂಚೆನೇ ಇಸ್ಕೊಳ್ಳಿ. ದಿಂಬು ಹೊದಿಕೆ ಅಲ್ಲೇ ಇರುತ್ತೆ, ಒಳಗೆ ಹೊಕ್ಕು ಮಲಗೋ ಬಟ್ಟೆಯ ಚೀಲ ಮಾತ್ರ ನೀವೇ ತರಬೇಕು. ರೂಮ್ ಭರ್ತಿ ಆಗಿದ್ರೂ ಬೆಟ್ಟದಿಂದ ಸುಸ್ತಾಗಿ ಬಂದೋರನ್ನ ಹೊರಗೆ ಕಳಿಸಲ್ಲ, ನೆಲದ ಮೇಲೆ ಮ್ಯಾಟ್ರೆಸ್ ಹಾಕಿ ಕೊಡ್ತಾರೆ. ನೀವೂ ಹಾಗೇ ಇರಿ, ಬಿಡುವಾಗ ನೆಲ ಗುಡಿಸಿ, ಸೌದೆ ಒಡೆದು ಒಳಗಿಟ್ಟು ಹೋಗಿ.

ಪ್ರಶ್ನೆ: ಎಲ್ಲರ ಕೈಯಲ್ಲೂ ಕಿತ್ತಳೆ ಹಣ್ಣು, ಚಾಕಲೇಟ್ ಯಾಕೆ?

ಉತ್ತರ: ಇದು ಈಸ್ಟರ್ ಬೆಟ್ಟದ ಪ್ರಸಾದ ಅಂದ್ಕೊಳ್ಳಿ. ಹಟ್ ಗೋಡೆಗೆ ಬೆನ್ನು ಕೊಟ್ಟು ಬಿಸಿಲಲ್ಲಿ ಕೂತು ಕಿತ್ತಳೆ ಸುಲಿಯೋದು, ಜೊತೆಗೆ 1937ರಿಂದ ಬರ್ತಿರೋ ಕ್ವಿಕ್ ಲುನ್ಶ್ ಅನ್ನೋ ಚಾಕಲೇಟ್. ಅದರ ಕವರ್ ಒಳಗೆ ಬೆಟ್ಟದ ನಿಯಮಗಳನ್ನೂ ಪ್ರಿಂಟ್ ಮಾಡಿರ್ತಾರೆ, ತಿಂದು ಬಿಸಾಕೋ ಮುಂಚೆ ಓದಿ. ಸಿಪ್ಪೆ ಹಿಮದಲ್ಲಿ ಬಿಡಬೇಡಿ.

ಪ್ರಶ್ನೆ: ಹಿಮ ಕುಸಿತದ ಭಯ ನಿಜವಾಗ್ಲೂ ಇದೆಯಾ? ಗುರುತು ಹಾಕಿದ ದಾರಿಲೇ ಹೋದ್ರೆ ಸಾಕಲ್ವಾ?

ಉತ್ತರ: ಗುರುತು ಅಂದ್ರೆ ಈಸ್ಟರ್ ಹೊತ್ತಿಗೆ ಹಿಮದಲ್ಲಿ ಸಾಲಾಗಿ ನೆಡೋ ಕೊಂಬೆ ಅಥವಾ ಬಿದಿರಿನ ಕಡ್ಡಿ, ಕ್ವಿಸ್ಟ್ ಅಂತಾರೆ. ಬೇಸಿಗೆಯ ಕೆಂಪು ಟಿ ಗುರುತು ನಂಬ್ಕೊಂಡು ಚಳಿಗಾಲದಲ್ಲಿ ಹೋಗಬೇಡಿ, ಬೇಸಿಗೆ ದಾರಿ ಕೆಲವು ಕಡೆ ಕಡಿದಾದ ಇಳಿಜಾರಿನ ಕೆಳಗೇ ಹಾದುಹೋಗುತ್ತೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಲ್ಲಿ ಹಿಮ ಕುಸಿಯಬಹುದು, ನೀವು ಅದರ ಮೇಲೆ ಇರಬೇಕಾಗೂ ಇಲ್ಲ, ಕೆಳಗೆ ದೂರದಲ್ಲಿ ಕೂತು ಊಟ ಮಾಡ್ತಿದ್ರೂ ಬಂದು ಮುಚ್ಚಬಹುದು. ವಾರ್ಸಮ್ ಅನ್ನೋ ಸೈಟ್‌ನಲ್ಲಿ ದಿನಾ ಪ್ರದೇಶವಾರು ಅಪಾಯ 1ರಿಂದ 5ರವರೆಗೆ ಹಾಕ್ತಾರೆ, ಅದನ್ನ ಮತ್ತೆ ಯರ್ ಅನ್ನೋ ಸೈಟ್‌ನ ಹವಾಮಾನವನ್ನ ಹಿಂದಿನ ರಾತ್ರಿ, ಬೆಳಿಗ್ಗೆ ಎರಡೂ ಸಲ ನೋಡಿ. ವಸಂತದಲ್ಲಿ ಬಿಸಿಲಿಗೆ ಹಿಮ ನೆನೆದು ಭಾರ ಆಗುತ್ತೆ, ಬೆಳಿಗ್ಗೆ ಗಟ್ಟಿಯಾಗಿದ್ದ ಇಳಿಜಾರು ಮಧ್ಯಾಹ್ನ ಗಟ್ಟಿ ಇರಲ್ಲ.

ಜನ ಮರೆಯೋದು ಸರೋವರದ ಐಸ್. ನಾರ್ವೆಯ ಎಷ್ಟೋ ಬೆಟ್ಟದ ಕೆರೆಗಳು ಜಲವಿದ್ಯುತ್ತಿಗೆ ಬಳಸೋವು, ಚಳಿಗಾಲದಲ್ಲಿ ಕೆಳಗಿಂದ ನೀರು ಬಿಡ್ತಾರೆ, ಮೇಲಿನ ಐಸ್ ಕುಸಿದು ದಡದ ಹತ್ತಿರ ಒಡೆದಿರುತ್ತೆ. ನದಿ ಬಂದು ಸೇರೋ ಜಾಗ, ಹೊರಗೆ ಹೋಗೋ ಜಾಗ ಯಾವಾಗಲೂ ತೆಳು. ಕಡ್ಡಿ ಸಾಲು ಸುತ್ತಿ ಹೋಗಿದ್ರೆ ಕಾರಣ ಇದ್ದೇ ಸುತ್ತಿರುತ್ತೆ, ಶಾರ್ಟ್‌ಕಟ್ ಬೇಡ.

ಬ್ಯಾಗಲ್ಲಿ ಏನಿರಬೇಕು ಅಂತ ಮೂರು ಜನ ಕೇಳಿದೀರಿ, ಇಲ್ಲೇ ಹೇಳ್ಬಿಡ್ತೀನಿ: ಮೈಗೆ ಅಂಟೋ ಬಟ್ಟೆ ಉಣ್ಣೆಯದ್ದೇ, ಹತ್ತಿ ಬೆವರಲ್ಲಿ ನೆನೆದ್ರೆ ಒಣಗಲ್ಲ, ಮೈ ಬಿಸಿ ಎಲ್ಲ ಎಳ್ಕೊಳ್ಳುತ್ತೆ. ಗಾಳಿ ತಡೆಯೋ ಜಾಕೆಟ್, ಎರಡನೇ ಜೊತೆ ಕೈಗವಸು, ಸಲಿಕೆ, ಎಲ್ಲರೂ ಒಳಗೆ ಕೂರೋಕಾಗೋ ಗಾಳಿ ಚೀಲ, ಮ್ಯಾಪ್, ಕಂಪಾಸ್, ಹೆಡ್‌ಲ್ಯಾಂಪ್, ಕಪ್ಪು ಕನ್ನಡಕ, ಸನ್‌ಸ್ಕ್ರೀನ್. ಹಿಮದ ಮೇಲಿಂದ ಬಿಸಿಲು ವಾಪಸ್ ಮುಖಕ್ಕೇ ಹೊಡೆಯುತ್ತೆ, ಮೂಗಿನ ಕೆಳಗೆ, ಗದ್ದದ ಅಡಿಗೂ ಹಚ್ಚಿ, ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಅನ್ನೋದು ಸುಳ್ಳು, ಕಣ್ಣಿಗಂತೂ ಯಾವ ಬಣ್ಣವೂ ರಕ್ಷಣೆ ಅಲ್ಲ. ಫೋನ್ ಚಳಿಗೆ ಸತ್ತು ಹೋಗುತ್ತೆ, ಒಳಜೇಬಲ್ಲಿ ಇಟ್ಕೊಳ್ಳಿ. ಯಾರಿಗಾದ್ರೂ ಪೆಟ್ಟಾದ್ರೆ 113, ದಾರಿ ತಪ್ಪಿದ್ರೆ ಪೊಲೀಸ್ 112.

ಪ್ರಶ್ನೆ: ಹೋದ ವರ್ಷ ಗಾಳಿ ಜೋರಾದಾಗ ನಾವು ಮೂವರು ವಾಪಸ್ ಹೋಗೋಣ ಅಂದ್ವಿ, ಒಬ್ಬ ಫ್ರೆಂಡ್ ಒಪ್ಪಲಿಲ್ಲ, ದುಡ್ಡು ಕೊಟ್ಟಿದೀವಿ ಅಂತ ಮುಂದೆ ಎಳ್ಕೊಂಡು ಹೋದ. ಹೇಗೋ ತಲುಪಿದ್ವಿ, ಆದ್ರೆ ಒಬ್ಬಳ ಕೆನ್ನೆಗೆ ಫ್ರಾಸ್ಟ್‌ಬೈಟ್ ಆಯ್ತು. ಈ ವರ್ಷ ಮತ್ತೆ ಅದೇ ಗುಂಪು. ಅವನಿಗೆ ಹೇಗೆ ಹೇಳೋದು?

ಉತ್ತರ: ಈ ಪತ್ರ ಎರಡು ಸಲ ಓದಿದೆ. 1967ರ ಈಸ್ಟರ್‌ನಲ್ಲಿ ಇಲ್ಲಿನ ಬೆಟ್ಟಗಳಲ್ಲಿ 18 ಜನ ಸತ್ತರು, ಅದಾದ್ಮೇಲೆ ರೆಡ್ ಕ್ರಾಸ್ ಮತ್ತೆ ಡಿಎನ್‌ಟಿ ದೊಡ್ಡ ಪ್ರಚಾರ ಮಾಡಿ ಬೆಟ್ಟದ ನಿಯಮಗಳನ್ನ ಮನೆಮನೆಗೆ ತಲುಪಿಸಿದ್ವು. ಫ್ಯೆಲ್‌ವೆಟ್ ಅಂತಾರೆ, ಬೆಟ್ಟದ ವಿವೇಕ. ಒಂಬತ್ತು ನಿಯಮ, 2016ರಲ್ಲಿ ಮಾತು ಬದಲಾಯಿಸಿ ಹೊಸದಾಗಿ ಬರೆದ್ರು, ಎಂಟನೇದು ಇಲ್ಲಿನ ಮಕ್ಕಳಿಗೂ ಬಾಯಿಪಾಠ: ಸಮಯ ಇರುವಾಗಲೇ ತಿರುಗಿ, ತಿರುಗೋದ್ರಲ್ಲಿ ನಾಚಿಕೆ ಇಲ್ಲ.

ನನ್ನದೇ ಒಂದು ಅನುಭವ ಹೇಳ್ತೀನಿ. ಐದು ಜನ ಫಿನ್ಸೆಯಿಂದ ಕ್ರೆಕ್ಯಾ ಹಟ್ ಕಡೆ ಹೊರಟಿದ್ವಿ, ಬೆಳಿಗ್ಗೆ ಎಂಟಕ್ಕೆ ನೀಲಿ ಆಕಾಶ, ಮಧ್ಯಾಹ್ನದ ಮೇಲೆ ಗಾಳಿ ಅಂತ ಯರ್‌ನಲ್ಲಿತ್ತು, ಅಷ್ಟರೊಳಗೆ ಮುಟ್ತೀವಿ ಅಂದ್ಕೊಂಡ್ವಿ. ಗಾಳಿ ಹತ್ತೂವರೆಗೇ ಬಂತು. ಮೊದಲು ನೆಲದ ಮೇಲೆ ಹಿಮ ಹಾವಿನ ಹಾಗೆ ಹರಿಯೋಕೆ ಶುರುವಾಯ್ತು, ಹತ್ತು ನಿಮಿಷಕ್ಕೆ ಸೊಂಟದವರೆಗೆ ಎದ್ದಿತು, ಆಮೇಲೆ ಆಕಾಶ ಯಾವುದು ನೆಲ ಯಾವುದು ಗೊತ್ತಾಗಲಿಲ್ಲ. ಒಂದು ಕಡ್ಡಿ ಹತ್ತಿರ ನಿಂತ್ರೆ ಮುಂದಿನ ಕಡ್ಡಿ ಕಾಣ್ತಿಲ್ಲ. ನಮ್ಮಲ್ಲಿ ಒಬ್ಬಳು, ಎಲ್ಲರಿಗಿಂತ ಚೆನ್ನಾಗಿ ಸ್ಕೀ ಮಾಡೋಳು, ನಾನು ತಿರುಗ್ತೀನಿ ಅಂದಳು. ಇನ್ನೊಬ್ಬ ಕಿರುಚಾಡಿದ, ವರ್ಷಪೂರ್ತಿ ಪ್ಲಾನ್ ಮಾಡಿದ್ದು ಅಂತ. ಅವಳು ವಾದ ಮಾಡಲಿಲ್ಲ, ಸ್ಕೀ ತಿರುಗಿಸಿ ನಿಂತಳು ಅಷ್ಟೇ. ನಾವು ನಾಲ್ವರೂ ತಿರುಗಿದ್ವಿ, ಬಂದ ಕಡ್ಡಿ ಸಾಲನ್ನ ಒಂದೊಂದಾಗಿ ಹುಡುಕ್ಕೊಂಡು, ಒಬ್ಬರು ಕಡ್ಡಿ ಹತ್ತಿರ ನಿಂತು ಇನ್ನೊಬ್ಬರು ಕೂಗಿದ್ರೆ ಕೇಳೋಷ್ಟು ದೂರ ಮಾತ್ರ ಹೋಗಿ ಮುಂದಿನದ್ದು ಹುಡುಕೋದು, ಹೀಗೆ ಎರಡು ಗಂಟೆ ದಾರಿಗೆ ನಾಲ್ಕು ಗಂಟೆ ಹಿಡೀತು. ರಾತ್ರಿ ಅವನು ಯಾರ ಹತ್ರಾನೂ ಮಾತಾಡಲಿಲ್ಲ. ಮಾರನೇ ದಿನವೂ ಗಾಳಿ ನಿಲ್ಲಲಿಲ್ಲ, ಕಿಟಕಿ ಹತ್ರ ಕೂತು ಹೊರಗೆ ನೋಡ್ತಾ ಇದ್ದ, ಸಂಜೆ ಅವಳಿಗೆ ಒಂದು ಕಪ್ ಕಾಫಿ ತಂದುಕೊಟ್ಟ.

ನಿಮ್ಮ ಫ್ರೆಂಡ್‌ಗೆ ಬೆಟ್ಟದ ಮೇಲೆ ಹೇಳಬೇಡಿ, ಅಲ್ಲಿ ಚಳಿ, ಸುಸ್ತು, ಅಹಂಕಾರ ಎಲ್ಲ ಸೇರಿರುತ್ತೆ. ಈಗಲೇ, ಮನೇಲಿ, ಊಟ ಹಾಕಿ ಕೂರಿಸ್ಕೊಂಡು ಹೇಳಿ. ಮೊದಲು ಅವಳ ಕೆನ್ನೆ ವಿಷಯ ಎತ್ತಿ, ತಪ್ಪು ಹೊರಿಸೋಕಲ್ಲ, ಅವನಿಗೂ ಒಳಗೆ ಅದು ಚುಚ್ಚುತ್ತಿರಬಹುದು. ಆಮೇಲೆ ಮೂರು ಮಾತಿಗೆ ಎಲ್ಲರೂ ಒಪ್ಪಿ. ಯಾರೊಬ್ಬರು ತಿರುಗೋಣ ಅಂದ್ರೂ ಎಲ್ಲರೂ ತಿರುಗೋದು, ವೋಟಿಂಗ್ ಇಲ್ಲ, ಕಾರಣವನ್ನ ಹಟ್‌ಗೆ ಬಂದ್ಮೇಲೆ ಕೇಳೋದು. ಹೊರಡೋ ಮುಂಚೆನೇ ಇಷ್ಟು ಗಂಟೆ ಅಂತ ಒಂದು ಸಮಯ ಗೊತ್ತು ಮಾಡೋದು, ಆ ಹೊತ್ತಿಗೆ ಅರ್ಧ ದಾರಿ ದಾಟಿಲ್ಲ ಅಂದ್ರೆ ವಾಪಸ್. ಮತ್ತೆ ಅರ್ಧ ಗಂಟೆಗೊಂದು ಸಲ ನಿಂತು ಒಬ್ಬರ ಮುಖ ಒಬ್ಬರು ನೋಡೋದು, ಕೆನ್ನೆ ಮೂಗಿನ ಮೇಲೆ ಬೆಳ್ಳಗೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದ ಮಚ್ಚೆ ಕಂಡ್ರೆ ಬರೀ ಅಂಗೈ ಇಟ್ಟು ಬಿಸಿ ಮಾಡೋದು, ಉಜ್ಜಬಾರದು. ಇನ್ನು ದುಡ್ಡು: ಹಟ್ ಬುಕ್ ಮಾಡುವಾಗಲೇ ಯಾವತ್ತಿನವರೆಗೆ ಕ್ಯಾನ್ಸಲ್ ಮಾಡಬಹುದು ನೋಡ್ಕೊಳ್ಳಿ, ಒಂದು ದಿನ ಖಾಲಿ ಇಟ್ಟು ಪ್ಲಾನ್ ಮಾಡಿ, ಆಗ ಆ ವಾದಕ್ಕೆ ಜಾಗನೇ ಇರಲ್ಲ.

ನಮ್ಮ ಆ ಫ್ರೆಂಡ್ ಈಗಲೂ ಪ್ರತಿ ವರ್ಷ ಬರ್ತಾನೆ. ಹೊರಡೋ ಹಿಂದಿನ ರಾತ್ರಿ ಮ್ಯಾಪ್ ಬಿಚ್ಚಿ, ಎಷ್ಟು ಗಂಟೆಗೆ ಎಲ್ಲಿಂದ ತಿರುಗೋದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕೋದು ಈಗ ಅವನೇ.