ನಾಣ್ಯಗಳು ಉಬ್ಬಿಕೊಂಡಿರುವ ಹಳೆಯ ಅಂಚೆ ಕಾರ್ಡು: ಹೊಳಪು ಕೊಡಿಸಬಹುದೇ?

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಬ್ರಿಟಿಷ್ ಬಾವುಟ ಮತ್ತು ನಾಣ್ಯಗಳಿರುವ ಅಂಚೆ ಕಾರ್ಡೊಂದು ಸಿಕ್ಕಿದೆ. ಎಡ್ವರ್ಡ್ ದೊರೆಯ ಮುಖವಿರುವ ನಾಣ್ಯಗಳು ಮುಟ್ಟಿದರೆ ಉಬ್ಬಾಗಿವೆ, ಕೆಳಗೆ ಹಣದ ಲೆಕ್ಕದ ಪಟ್ಟಿಯಿದೆ. ಚಿನ್ನದ ಬಣ್ಣ ಅಲ್ಲಲ್ಲಿ ಕಪ್ಪಾಗಿದೆ. ಇದು ಯಾವ ಕಾಲದ್ದು? ಸ್ವಚ್ಛ ಮಾಡಿ ಲ್ಯಾಮಿನೇಷನ್ ಮಾಡಿಸಬಹುದೇ?
– ಒಬ್ಬ ಓದುಗರು, ಸಾಗರ

ಉತ್ತರ: ಎರಡನ್ನೂ ದಯವಿಟ್ಟು ಮಾಡಬೇಡಿ. ಆ ಚಿನ್ನದ ಬಣ್ಣ ಬಹುಮಟ್ಟಿಗೆ ತಾಮ್ರ ಮತ್ತು ಸತುವಿನ ಪುಡಿ. ಗಾಳಿ, ತೇವ, ಬೆರಳಿನ ಬೆವರು ತಾಗಿದರೆ ಕಪ್ಪಾಗುವುದು ಸಹಜ. ಉಜ್ಜಿದರೆ ಕಪ್ಪಿನ ಜೊತೆಗೆ ಪುಡಿಯೂ ಎದ್ದುಬರುತ್ತದೆ, ಕೆಳಗಿನ ಕಾಗದ ಕಾಣಿಸುತ್ತದೆ. ಲ್ಯಾಮಿನೇಷನ್ನಿನ ಬಿಸಿ ಮತ್ತು ಒತ್ತಡಕ್ಕೆ ಉಬ್ಬುಗಳು ಚಪ್ಪಟೆಯಾಗುತ್ತವೆ. ಒಮ್ಮೆ ಅಂಟಿದ ಹಾಳೆಯನ್ನು ಕಾರ್ಡಿಗೆ ಹಾನಿಯಾಗದಂತೆ ಬಿಡಿಸುವ ದಾರಿಯಿಲ್ಲ.

ಇಂಥ ಕಾರ್ಡುಗಳು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಜರ್ಮನಿಯಲ್ಲಿ ಅಚ್ಚಾದವು. ಸ್ಟುಟ್‌ಗಾರ್ಟ್ ಬಳಿಯ ವೈಬ್ಲಿಂಗೆನ್ನಿನ ವಾಲ್ಟರ್ ಎರ್ಹಾರ್ಡ್ ಈ ಬಗೆಯ ಕಾರ್ಡುಗಳಿಗೆ ಹೆಸರಾದ ಪ್ರಕಾಶಕ. ಎಚ್.ಎಸ್.ಎಂ. ಎಂಬ ಗುರುತಿನ ಕಾರ್ಡುಗಳೂ ಸಿಗುತ್ತವೆ. ದೇಶಕ್ಕೊಂದು ಕಾರ್ಡು, ಅದರಲ್ಲಿ ಆ ದೇಶದ ಬಾವುಟ ಮತ್ತು ನಾಣ್ಯಗಳು.

ಕಾಲ ಹೇಳುವಾಗ ನಾಣ್ಯದ ಮೇಲಿನ ಇಸವಿಯೊಂದನ್ನೇ ನೆಚ್ಚಬೇಡಿ. ಕಾರ್ಡು ಅದಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಏಳನೆಯ ಎಡ್ವರ್ಡ್ ಮುಖದ ನಾಣ್ಯಗಳು ಬ್ರಿಟನ್ನಿನಲ್ಲಿ ಚಲಾವಣೆಗೆ ಬಂದದ್ದು 1902ರಲ್ಲಿ, ಅವರು ತೀರಿಕೊಂಡದ್ದು 1910ರಲ್ಲಿ. ಇನ್ನು ಹಿಂಬದಿ ನೋಡಿ. ನಡುವೆ ಗೆರೆ ಎಳೆದು ಒಂದು ಕಡೆ ಪತ್ರಕ್ಕೆ, ಇನ್ನೊಂದು ಕಡೆ ವಿಳಾಸಕ್ಕೆ ಜಾಗ ಬಿಡುವ ಪದ್ಧತಿಗೆ ಬ್ರಿಟನ್ 1902ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಒಪ್ಪಿಗೆ ಕೊಟ್ಟವು. ಅಂಚೆ ಮುದ್ರೆಯಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬರೆಯದ ಕಾರ್ಡಿಗೇ ಬೆಲೆ ಹೆಚ್ಚು ಎನ್ನುವ ಸಂಗ್ರಾಹಕರಿದ್ದಾರೆ. ನಾನಂತೂ ಮುದ್ರೆ ಬಿದ್ದ, ನಾಲ್ಕು ಸಾಲು ಬರೆದ ಕಾರ್ಡನ್ನೇ ಆರಿಸಿಕೊಳ್ಳುತ್ತೇನೆ.

ನಿಮ್ಮ ಕಾರ್ಡಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆ ಲೆಕ್ಕದ ಪಟ್ಟಿ, ಅಂದರೆ ಒಂದು ದೇಶದ ಹಣಕ್ಕೆ ಇನ್ನೊಂದು ದೇಶದ ಹಣ ಎಷ್ಟು ಎಂಬ ಪಟ್ಟಿ. ಇವತ್ತು ಕಾಗದದ ಮೇಲೆ ಅಚ್ಚು ಹಾಕಿದ ವಿನಿಮಯ ದರ ಮಧ್ಯಾಹ್ನದೊಳಗೆ ಹಳತಾಗುತ್ತದೆ. ಆಗ ಹಾಗಿರಲಿಲ್ಲ. ದೊಡ್ಡ ದೇಶಗಳ ಹಣ ಚಿನ್ನದ ತೂಕಕ್ಕೆ ಕಟ್ಟುಬಿದ್ದಿತ್ತು. ಸವರನ್ ಎಂಬ ಒಂದು ಪೌಂಡಿನ ಬ್ರಿಟಿಷ್ ಚಿನ್ನದ ನಾಣ್ಯದಲ್ಲಿ 7.32 ಗ್ರಾಂ ಅಪ್ಪಟ ಚಿನ್ನ. ಆ ಲೆಕ್ಕದಲ್ಲಿ ಅದಕ್ಕೆ 20.43 ಮಾರ್ಕ್, 25.22 ಫ್ರಾಂಕ್, 4.87 ಡಾಲರ್. ನಮ್ಮಲ್ಲಿ 1899ರ ಕಾನೂನಿನ ಪ್ರಕಾರ ಅದೇ ಸವರನ್ನಿಗೆ 15 ರೂಪಾಯಿ. ಆದ್ದರಿಂದಲೇ ಪ್ರಕಾಶಕರು ಈ ಪಟ್ಟಿಯನ್ನು ಧೈರ್ಯವಾಗಿ ಚಿತ್ರದೊಂದಿಗೇ ಅಚ್ಚು ಹಾಕಿದರು. 1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾದ ಮೇಲೆ ಆ ಭರವಸೆ ಮುರಿಯಿತು.

ಅಸಲಿಯೇ ಎಂದು ನೋಡಲು ಭೂತಗನ್ನಡಿ ಹಿಡಿಯಿರಿ. ಹಳೆಯ ಕಲ್ಲಚ್ಚಿನಲ್ಲಿ (ಲಿಥೋಗ್ರಫಿ) ಬಣ್ಣದ ಚುಕ್ಕೆಗಳು ಅಡ್ಡಾದಿಡ್ಡಿಯಾಗಿರುತ್ತವೆ, ಈಗಿನ ಆಫ್‌ಸೆಟ್ ಮುದ್ರಣದಲ್ಲಿ ಸಾಲುಹಿಡಿದು ಕೂತಿರುತ್ತವೆ. ಅಂಗಡಿಯಲ್ಲಿ ಖೋಟಾ ನೋಟು ಪತ್ತೆಹಚ್ಚುವ ನೇರಳೆ ದೀಪವೂ ಸಾಕು. ಅದರ ಕೆಳಗೆ ಕಾಗದ ನೀಲಿಬಿಳುಪಾಗಿ ಹೊಳೆದರೆ ಕಾರ್ಡು ಎರಡನೇ ಮಹಾಯುದ್ಧದ ನಂತರದ್ದು ಎಂದು ಅನುಮಾನಿಸಿ.

ಮಲೆನಾಡಿನ ಮಳೆಗಾಲ ಇಂಥ ಕಾರ್ಡಿಗೆ ದೊಡ್ಡ ಶತ್ರು. ಪಿ.ವಿ.ಸಿ. ಚೀಲ ಬೇಡ, ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರೊಪಿಲೀನ್ ಚೀಲದಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣವನ್ನು ಪೆಟ್ಟಿಗೆಯಲ್ಲಿ ಹಾಕಿ, ಆದರೆ ಕಾರ್ಡಿಗೆ ತಾಗಿಸಬೇಡಿ. ಮೇಲೆ ಪುಸ್ತಕಗಳ ಭಾರ ಹೇರಬೇಡಿ, ನೇರವಾಗಿ ನಿಲ್ಲಿಸಿಡಿ.

ಸಂಗ್ರಹ ಮುಂದುವರಿಸುವ ಮನಸ್ಸಿದ್ದರೆ ಕಂಡದ್ದೆಲ್ಲ ಕೊಳ್ಳಬೇಡಿ. ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ದೇಶಗಳ ಕಾರ್ಡುಗಳನ್ನು ಮೊದಲು ಹುಡುಕಿ. 1865ರ ಲ್ಯಾಟಿನ್ ನಾಣ್ಯ ಒಕ್ಕೂಟದ ಈ ದೇಶಗಳಲ್ಲಿ ಇಪ್ಪತ್ತು ಫ್ರಾಂಕ್ ಅಥವಾ ಇಪ್ಪತ್ತು ಲೀರಾದ ಚಿನ್ನದ ನಾಣ್ಯಕ್ಕೆ ಒಂದೇ ತೂಕ, 6.45 ಗ್ರಾಂ. ನಾಲ್ಕೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಪಟ್ಟಿಗಳನ್ನು ಹೋಲಿಸಿ ನೋಡಿ.